ಹಳೇ ಟ್ರ್ಯಾಕ್ಟರ್ ಎಂಜಿನ್: ಬಿಚ್ಚಿ ಕಟ್ಟಿಸಬೇಕೋ, ಬದಲಾಯಿಸಬೇಕೋ, ಟರ್ಬೊ ಹಾಕಿಸಬೇಕೋ?

ಪ್ರಶ್ನೆ: ನಮ್ಮದು ಮದ್ದೂರು ಕಡೆಯ ಹಳ್ಳಿ. 4 ಸಿಲಿಂಡರಿನ, 45 ಎಚ್‌ಪಿಯ ಹಳೇ ಟ್ರ್ಯಾಕ್ಟರ್ ಇದೆ, ಟರ್ಬೊ ಇಲ್ಲ. ಕಬ್ಬಿನ ಲೋಡು ಎಳೆಯುವಾಗ ಏರಿನಲ್ಲಿ ಮುಕ್ಕರಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಆಯಿಲ್ ಪದೇ ಪದೇ ಹಾಕಬೇಕು. ಮೆಕ್ಯಾನಿಕ್ ಫುಲ್ ಎಂಜಿನ್ ಕೆಲಸ ಮಾಡಿಸಿ ಅಂತಾರೆ. ಬಾಮೈದ ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸೋಣ ಅಂತಾನೆ. ಮೈಸೂರಿನ ಪರಿಚಯದವರು ಟರ್ಬೊ ಹಾಕಿಸಿದರೆ ಪಿಕಪ್ ಬರುತ್ತೆ ಅಂತಾರೆ. ಯಾರ ಮಾತು ಕೇಳಲಿ ಸರ್?

ಉತ್ತರ: ಟರ್ಬೊ ಆಸೆ ಬಿಟ್ಟುಬಿಡಿ. ಅದೇ ರಸ್ತೆ, ಅದೇ ಏರು, ಅದೇ ಗಾಳಿಯಲ್ಲಿ ನಿಮ್ಮ ಗಾಡಿ ಒಂದು ಕಾಲಕ್ಕೆ ಲೋಡು ಎಳೆದಿದೆ. ಇದ್ದ ಶಕ್ತಿ ಎಲ್ಲಿ ಸೋರಿಹೋಯಿತು ಅನ್ನುವುದನ್ನು ಮೊದಲು ಹುಡುಕಬೇಕು.

ಟರ್ಬೊ ಹೆಚ್ಚು ಗಾಳಿ ತುಂಬುತ್ತದೆ, ಅಷ್ಟೇ. ಶಕ್ತಿ ಬೇಕೆಂದರೆ ಡೀಸೆಲ್ ಪಂಪಿನ ಸೆಟ್ಟಿಂಗ್ ಏರಿಸಿ ಡೀಸೆಲ್ಲೂ ಹೆಚ್ಚು ಸುಡಬೇಕು. ಆಗ ಏರುವ ಒತ್ತಡ, ಶಾಖವನ್ನೆಲ್ಲ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಬೇರಿಂಗ್ ತಾಳಿಕೊಳ್ಳಬೇಕು. ಕಂಪನಿಯಲ್ಲೇ ಟರ್ಬೊ ಕೂರಿಸುವ ಎಂಜಿನ್ನಿಗೆ ಸಾಮಾನ್ಯವಾಗಿ ಪಿಸ್ಟನ್, ಗ್ಯಾಸ್ಕೆಟ್, ಕೂಲಿಂಗ್ ಎಲ್ಲವೂ ಬೇರೆ ಇರುತ್ತವೆ. ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸುವ ಜೆಟ್ಟೂ ಇರುತ್ತದೆ. ಪಿಸ್ಟನ್ ಸುತ್ತ ಒತ್ತಡ ತಡೆಯುವ ರಿಂಗು ಸವೆದಿರುವಾಗ ಟರ್ಬೊ ಕೂರಿಸಿದರೆ ಒತ್ತಡ ಕೆಳಗಿನ ಆಯಿಲ್ ಸಂಪಿನೊಳಕ್ಕೆ ನುಗ್ಗಿ, ಬ್ರೀದರಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಆಯಿಲ್ ಕಾರುತ್ತದೆ. ಸಾಲದ್ದಕ್ಕೆ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುವ ಟರ್ಬೊ ಶಾಫ್ಟು ಬದುಕುವುದು ಎಂಜಿನ್ನಿನ ಆಯಿಲ್ ಪ್ರೆಶರ್ ಮೇಲೇ. ಹಳೇ ಬೇರಿಂಗಿನ ಎಂಜಿನ್ನಿನಲ್ಲಿ ಆ ಪ್ರೆಶರ್ ಮೊದಲೇ ಬಿದ್ದಿರುತ್ತದೆ.

ಈಗ ತಪಾಸಣೆಗೆ ಬನ್ನಿ. ಕಪ್ಪು ಹೊಗೆಯೆಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ. ಏರ್ ಕ್ಲೀನರಿನಲ್ಲಿ ಧೂಳು ಕಟ್ಟಿಕೊಂಡಿರಬಹುದು, ಇಂಜೆಕ್ಟರಿನ ನಾಜಲ್ (ಡೀಸೆಲ್ ಸಿಂಪಡಿಸುವ ಮೂತಿ) ಕೆಟ್ಟಿರಬಹುದು. ಏರ್ ಕ್ಲೀನರ್ ತೊಳೆದು, ಇಂಜೆಕ್ಟರುಗಳನ್ನು ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಇದು ಕಡಿಮೆ ಖರ್ಚಿನ ಕೆಲಸ, ಎಷ್ಟೋ ಗಾಡಿಗಳ ಅರ್ಧ ರೋಗ ಇಲ್ಲೇ ವಾಸಿಯಾಗುತ್ತದೆ.

ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಅದನ್ನೇ ಬಾಯಿಯ ಮೇಲೆ ಬೋರಲಾಗಿ ಇಡಿ. ಸುಮ್ಮನೆ ಸ್ವಲ್ಪ ಆವಿ ಬಂದರೆ ಚಿಂತೆಯಿಲ್ಲ. ಮುಚ್ಚಳ ಕುಣಿದು ಪಕ್ಕಕ್ಕೆ ಬಿದ್ದರೆ, ಬುಸುಬುಸು ಹೊಗೆ ಬಂದರೆ, ರಿಂಗು, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿವೆ ಅನ್ನುವ ಅನುಮಾನ ಬಲವಾಗುತ್ತದೆ. ಅದನ್ನು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜಿನಲ್ಲಿ ಖಾತ್ರಿ ಮಾಡಿಕೊಳ್ಳಿ. ನಾಲ್ಕೂ ಸಿಲಿಂಡರಿನ ಒತ್ತಡ ಒಂದೇ ಸಮ ಇಳಿದಿದ್ದರೆ ಬಹುಮಟ್ಟಿಗೆ ಸವೆತ. ಅಕ್ಕಪಕ್ಕದ ಎರಡು ಮಾತ್ರ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ. ಒಂದೇ ಇಳಿದಿದ್ದರೆ ಆ ಸಿಲಿಂಡರಿನ ವಾಲ್ವು ಮೊದಲು ನೋಡಿ, ಬರೀ ಹೆಡ್ ಕೆಲಸದಲ್ಲೇ ಮುಗಿದರೂ ಮುಗಿಯಬಹುದು.

ನಿಮ್ಮ ಆಯಿಲ್ ಖರ್ಚು, ಬೆಳಗಿನ ಸತಾಯಿಸುವಿಕೆ ನೋಡಿದರೆ ಸವೆತವೇ ಇರಬೇಕು ಅನ್ನಿಸುತ್ತದೆ. ಹಾಗಿದ್ದರೆ ಎಂಜಿನ್ ಬಿಚ್ಚಿಸಿ, ಆದರೆ ಲೈನರ್-ಪಿಸ್ಟನ್ ಕಿಟ್ಟಿಗೆ ದುಡ್ಡು ಕೊಡುವ ಮುಂಚೆ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟು) ಅಳೆಸಿ. ಸವೆದ ಕ್ರ್ಯಾಂಕನ್ನು ಉಜ್ಜಿ ನಯ ಮಾಡುವ ಗ್ರೈಂಡಿಂಗ್ ಸಾಮಾನ್ಯವಾಗಿ 0.25, 0.50, 0.75 ಮಿ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಇನ್ನೂ ಸ್ಟ್ಯಾಂಡರ್ಡ್ (ಒಮ್ಮೆಯೂ ಉಜ್ಜಿಸದ ಮೂಲ ಅಳತೆ) ಅಥವಾ ಮೊದಲ ಮೆಟ್ಟಿಲಲ್ಲಿದ್ದರೆ, ಬ್ಲಾಕಿನಲ್ಲಿ ಬಿರುಕಿಲ್ಲದಿದ್ದರೆ, ಕಣ್ಣುಮುಚ್ಚಿ ಇದೇ ಎಂಜಿನ್ ಕಟ್ಟಿಸಿ. ನನ್ನ ಮಾತು ಇದೇ. ಲೈನರ್ ಕೂರಿಸಿದ ಮೇಲೆ ಅದರ ಅಂಚು ಬ್ಲಾಕಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಎಷ್ಟೆಂದು ಕಂಪನಿ ಪುಸ್ತಕ ಹೇಳುತ್ತದೆ, ಡಯಲ್ ಗೇಜಿನಲ್ಲಿ ನಿಮ್ಮ ಎದುರೇ ಅಳೆಸಿ. ಕೈ ಆಡಿಸಿ ನೋಡಿ ‘ಸರಿ ಇದೆ’ ಅನ್ನುವವರ ಕೈಗೆ ಎಂಜಿನ್ ಕೊಡಬೇಡಿ. ಅಲ್ಲಿ ತಪ್ಪಿದರೆ ಹೊಸ ಗ್ಯಾಸ್ಕೆಟ್ಟೂ ಬೇಗ ಹೋಗುತ್ತದೆ.

ಕ್ರ್ಯಾಂಕ್ ಕೊನೆಯ ಮೆಟ್ಟಿಲು ದಾಟಿದ್ದು, ಬ್ಲಾಕೂ ಸೀಳಿದ್ದರೆ ಮಾತ್ರ ಬಾಮೈದನ ಸಲಹೆ ಯೋಚಿಸಿ. ಗುಜರಿ ಎಂಜಿನ್ನನ್ನೂ ಓಡಿಸಿ, ಅದೇ ಮುಚ್ಚಳದ ಪರೀಕ್ಷೆ ಮಾಡಿ ಕೊಳ್ಳಿ. ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳಿ. ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲೂ ಹೊಸ ನಂಬರ್ ಬರಬೇಕು. ಇಲ್ಲದಿದ್ದರೆ ನಾಳೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ.

ಕಟ್ಟಿಸಿದಿರಿ ಅಂದುಕೊಳ್ಳಿ. ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್ ಹೊಸದು ಹಾಕಿಸಿ, ಕ್ಲಿಪ್ಪು ಬಿಗಿಸಿ. ಸಣ್ಣ ಸೀಳಿದ್ದರೂ ಕಬ್ಬಿನ ಗದ್ದೆಯ ಧೂಳು ಫಿಲ್ಟರ್ ದಾಟದೆ ನೇರ ಒಳಗೆ ಹೋಗಿ ಹೊಸ ರಿಂಗನ್ನು ಉಜ್ಜಿಹಾಕುತ್ತದೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ, ಕೂಲಂಟ್ ಹಾಕಿಸಿ. ಕೆಲಸವನ್ನು ಸಕ್ಕರೆ ಕಾರ್ಖಾನೆಯವರು ಕಬ್ಬು ಅರೆಯಲು ಶುರು ಮಾಡುವ ಮುಂಚೆಯೇ ಮುಗಿಸಿಕೊಳ್ಳಿ. ಮೊದಲ 50 ಗಂಟೆ ಡಬಲ್ ಟ್ರೇಲರ್ ಎಳೆಸಬೇಡಿ, ಹಾಗಂತ ಮನೆ ಮುಂದೆ ಐಡಲಿನಲ್ಲೂ ಓಡಿಸಬೇಡಿ, ಲೋಡಿಲ್ಲದೆ ರಿಂಗು ಕೂರುವುದಿಲ್ಲ. ಕಲ್ಟಿವೇಟರ್ ಕಟ್ಟಿ ಹದವಾಗಿ ಉಳುಮೆ ಮಾಡಿಸಿ, 50 ಗಂಟೆ ತುಂಬಿದ ಕೂಡಲೇ ಆಯಿಲೂ ಫಿಲ್ಟರೂ ಬದಲಾಯಿಸಿ.