ತೊಟ್ಟಿಗೆ ಗಾಜು ಹಾಕಿಸಬಹುದೆ?

ಪ್ರಶ್ನೆ: ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ತಾತನ ತೊಟ್ಟಿಮನೆಯನ್ನು ಆಡಿಟರ್ ಒಬ್ಬರು ಕಚೇರಿಗೆಂದು ಬಾಡಿಗೆಗೆ ಕೇಳುತ್ತಿದ್ದಾರೆ. ಮನೆಯ ನಡುವಿನ ತೆರೆದ ಅಂಗಳಕ್ಕೆ, ಅಂದರೆ ತೊಟ್ಟಿಗೆ, ಗಾಜಿನ ಮುಚ್ಚಳ ಹಾಕಿ ಎ.ಸಿ. ಕೂರಿಸುತ್ತಾರಂತೆ, ಮಹಡಿ ಕೋಣೆಯಲ್ಲಿ ಫೈಲುಗಳನ್ನು ಇಡುತ್ತಾರಂತೆ. ಒಪ್ಪಲೇ?
— ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ಕೊಡಿ. ಬೀಗ ಜಡಿದಿಟ್ಟ ಮನೆಗೆ ಗೆದ್ದಲು ಬಾಡಿಗೆ ಕೊಡದೆಯೇ ಬಂದು ಸೇರುತ್ತದೆ. ನನ್ನ ತಕರಾರಿರುವುದು ಗಾಜು ಮತ್ತು ಫೈಲಿನ ಬಗ್ಗೆ.

ಮೊದಲು ಫೈಲು. ಆ ಕಾಲದ ಮನೆಯಾದ್ದರಿಂದ ಮಹಡಿಯ ನೆಲ ಮದ್ರಾಸ್ ತಾರಸಿ ಇದ್ದೀತು: ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಬಡಿದು ಕೂರಿಸಿದ ಸುಣ್ಣದ ಗಾರೆ. ಕಟ್ಟಡ ಎಷ್ಟು ಭಾರ ಹೊರುವಂತಿರಬೇಕೆಂದು ಹೇಳುವ ನಮ್ಮ ಭಾರತೀಯ ಮಾನಕ ಐ.ಎಸ್. 875ರಲ್ಲಿ ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕ, ದಾಖಲೆ ಇಡುವ ಕೋಣೆಗೆ ಸುಮಾರು 500. ತಾತ ಮಲಗುತ್ತಿದ್ದ ಕೋಣೆಯಲ್ಲಿ ಊರವರ ತೆರಿಗೆ ಕಾಗದ ಪೇರಿಸಿದರೆ ತೊಲೆ ಏನಾಗಬೇಕು ಹೇಳಿ. ಅದೂ ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ ನೀರು ಕುಡಿದು ಲಡ್ಡಾಗಿದ್ದರೂ ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಗೋಡೆಯ ಪಕ್ಕದಲ್ಲೇ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಬಡಗಿಗಿಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಬೀರುಗಳು ಕೆಳಗೇ ಇರಲಿ.

ಇನ್ನು ಗಾಜು. ಮನೆಯ ಬಿಸಿಗಾಳಿ ಮೇಲೇರಿ ಹೋಗುವ ದಾರಿಯೇ ತೊಟ್ಟಿ. ಅದನ್ನು ಬಿಗಿಯಾಗಿ ಮುಚ್ಚಿದರೆ ಏಪ್ರಿಲ್‌ನಲ್ಲಿ ಒಳಗೆ ಹಪ್ಪಳ ಒಣಗಿಸಬಹುದು, ಕರೆಂಟ್ ಬಿಲ್ಲು ಆಡಿಟರ ಹಣೆಬರಹ. ಮಳೆ ಬೇಡವೆಂದರೆ ಹೆಂಚಿನ ಅಂಚಿಗಿಂತ ಒಂದೂವರೆ ಅಡಿ ಎತ್ತರಕ್ಕೆ ಗಾಜು ಹಾಕಿಸಿ, ಸುತ್ತ ಬಲೆ ಮಾತ್ರ ಬಿಡಲಿ. ಗಾಜಿನ ಭಾರ ಹೊರಲು ಬೇರೆ ಕಬ್ಬಿಣದ ಚೌಕಟ್ಟು ಇರಬೇಕು, ತೊಟ್ಟಿಯ ಮರದ ಕಂಬಗಳಿಗೆ ಆ ಹೊರೆ ಬೇಡ. ನಾಲ್ಕೂ ಕಡೆಯ ಹೆಂಚಿನ ನೀರಿಗೆ ತಗಡಿನ ದೋಣಿ ಕೂರಿಸಿ, ಹಳೇ ಮೋರಿಗೇ ಇಳಿಸಿ. ಆ ಮೋರಿಗೆ ಸಿಮೆಂಟ್ ತುಂಬಿ ಟೈಲ್ಸ್ ಹಾಕುತ್ತೇನೆನ್ನುವ ಮೇಸ್ತ್ರಿಯನ್ನು ಕಾಫಿ ಕೊಟ್ಟು ಕಳಿಸಿಬಿಡಿ. ಎ.ಸಿ. ಬೇಕೇಬೇಕೆಂದರೆ ಬಾಗಿಲು ಮುಚ್ಚುವ ಒಂದು ಕೋಣೆಗೆ ಸಾಕು.

ವೈರಿಂಗಿಗೆ ಗೋಡೆ ಕೊರೆಯಲು ಬಿಡಬೇಡಿ, ಪೈಪು ಹೊರಗೇ ಓಡಲಿ. ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡ. ಒಳಗಿನ ತೇವ ಆರದೆ ಕೂತು ಪದರ ಪದರವಾಗಿ ಉದುರುತ್ತದೆ. ಕೆಂಪು ರೆಡ್‌ಆಕ್ಸೈಡ್ ನೆಲಕ್ಕೆ ಗಾಲಿ ಕುರ್ಚಿಯೇ ಶತ್ರು, ಅದರ ಕೆಳಗೆ ಚಾಪೆ ಹಾಕಿಸಿ.

ಇಷ್ಟನ್ನೂ ಬಾಡಿಗೆ ಕರಾರಿನಲ್ಲೇ ಬರೆಸಿ. ಮನೆ ಕಚೇರಿಯಾದ ಮೇಲೆ ಪಾಲಿಕೆಯ ಕಂದಾಯವೂ ವಿದ್ಯುತ್ ದರವೂ ಬದಲಾಗುತ್ತವೆ. ಹೆಚ್ಚುವರಿ ಯಾರದೆಂದು ಮುಂಗಡ ತೆಗೆದುಕೊಳ್ಳುವ ಮೊದಲೇ ಮಾತಾಡಿಕೊಳ್ಳಿ.