ಈಜು ಬಾರದವರು ಅಂಡಮಾನ್‌ನಲ್ಲಿ ಸ್ಕೂಬಾ ಡೈವಿಂಗ್ ಕಲಿಯಬಹುದೇ?

ಹ್ಯಾವ್ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಒಂದು ಸಲ ಮುಳುಗಿ ನೋಡುವುದಕ್ಕೆ ಈಜು ಬೇಕಿಲ್ಲ. ತರಬೇತುದಾರರು ಜೊತೆಯಲ್ಲೇ ಇರುತ್ತಾರೆ, ಆಳ 12 ಮೀಟರ್ ದಾಟುವುದಿಲ್ಲ. ಆದರೆ ಅದು ಕಲಿಕೆಯಲ್ಲ. ಕಲಿಯಬೇಕೆಂದಿದ್ದರೆ ಮೂರು ನಾಲ್ಕು ದಿನಗಳ ಓಪನ್ ವಾಟರ್ ಕೋರ್ಸ್ ಮಾಡಿ. ಅದಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಹಾಗಾಗಿ ಊರಿನಲ್ಲೇ ಈಜು ಕಲಿತು ಹೊರಡಿ.

ಹೊಸಬರಲ್ಲಿ ಹೆಚ್ಚಿನವರನ್ನು ಕಾಡುವುದು ಉಸಿರಾಟಕ್ಕಿಂತ ಕಿವಿ. 10 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ ಎರಡರಷ್ಟು. ಇಳಿಯಲು ಶುರುಮಾಡಿದ ಕೂಡಲೇ, ನೋವು ಕಾಣಿಸಿಕೊಳ್ಳುವ ಮೊದಲೇ, ಮಾಸ್ಕ್‌ನ ಮೇಲಿನಿಂದ ಮೂಗು ಹಿಡಿದು ಮೆಲ್ಲಗೆ ಊದಿ. ಕಿವಿಯೊಳಗೆ ಸಣ್ಣಗೆ ‘ಟಪ್’ ಎನ್ನುತ್ತದೆ. ಆಗಲೂ ನೋವಿದ್ದರೆ ಸ್ವಲ್ಪ ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿಯಿದ್ದರೆ, ಗೆಳೆಯರು ಎಷ್ಟೇ ಒತ್ತಾಯಿಸಲಿ, ಆ ದಿನ ನೀರಿಗಿಳಿಯಲೇಬೇಡಿ. ಇನ್ನು, ಉಸಿರು ಬಿಗಿಹಿಡಿದು ಮೇಲೇರುವುದಂತೂ ಅಪಾಯಕಾರಿ: ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟಾಗುತ್ತದೆ.

ಕೋರ್ಸಿನ ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಇರಲಿ. ಆ ದಿನವನ್ನು ರಾಧಾನಗರ ಕಡಲತೀರಕ್ಕೆ ಮೀಸಲಿಡಿ.