ಅಪ್ಪನ ಸಂಕಟಕ್ಕೆ ನಿದ್ದೆ ಮಾತ್ರೆ ಸಾಕೇ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ತಾಯಿ ತೀರಿಕೊಂಡು ಒಂದೂವರೆ ವರ್ಷವಾಯಿತು. ಆರು ತಿಂಗಳಿಂದ ಅವರಿಗೆ ಹೊಟ್ಟೆಯಲ್ಲಿ ಸಂಕಟ, ಎದೆ ಡವಡವ. ಊಟ ಸೇರುವುದಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಇಸಿಜಿ, ಎಂಡೋಸ್ಕೋಪಿ ಎರಡೂ ನಾರ್ಮಲ್ ಬಂದಿವೆ. ಬಿ.ಪಿ. ಮಾತ್ರೆಯ ಜೊತೆಗೆ, ಮೂರು ತಿಂಗಳಿಂದ ಅಂಗಡಿಯಲ್ಲಿ ಕೇಳಿ ತಂದ ಆಲ್‌ಪ್ರಜೋಲಾಮ್ ಎಂಬ ನಿದ್ದೆ ಮಾತ್ರೆ ಕೊಡುತ್ತಿದ್ದೇವೆ. ಮುಂದುವರಿಸಬಹುದೇ? ಮನೋವೈದ್ಯರ ಹೆಸರೆತ್ತಿದರೆ ರೇಗುತ್ತಾರೆ.
— ಓದುಗರು, ತಿಪಟೂರು

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಖಿನ್ನತೆಯ ಸಾಧ್ಯತೆಯೇ ಹೆಚ್ಚು. ವಯಸ್ಸಾದವರು 'ಮನಸ್ಸಿಗೆ ಬೇಸರ' ಎಂದು ಹೇಳುವುದು ಅಪರೂಪ. ಅವರ ದುಃಖ ಹೊಟ್ಟೆ, ಎದೆ, ನಿದ್ದೆಗಳ ತೊಂದರೆಯಾಗಿ ಹೊರಬರುತ್ತದೆ. ಹಾಗೆಂದು ದೇಹವನ್ನು ಕಡೆಗಣಿಸುವಂತಿಲ್ಲ: ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ ಒಮ್ಮೆ ಪರೀಕ್ಷೆಯಾಗಲಿ.

ಆಲ್‌ಪ್ರಜೋಲಾಮ್ ಆತಂಕವನ್ನು ಕೆಲವು ಗಂಟೆ ಅಡಗಿಸುತ್ತದೆಯೇ ಹೊರತು ಖಿನ್ನತೆಯನ್ನು ವಾಸಿಮಾಡುವುದಿಲ್ಲ. ಈ ವಯಸ್ಸಿನಲ್ಲಿ ಅದರಿಂದ ಮರೆವು, ಮಂಪರು ಹೆಚ್ಚುತ್ತವೆ. ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದೂ ಉಂಟು. ಚೀಟಿಯಿಲ್ಲದೆ ಅದನ್ನು ಮಾರುವುದೇ ತಪ್ಪು. ಆದರೆ ಮೂರು ತಿಂಗಳು ನುಂಗಿದ್ದನ್ನು ತಟ್ಟನೆ ನಿಲ್ಲಿಸಿದರೆ ನಡುಕ, ತಳಮಳ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದಾದ್ದರಿಂದ, ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ಖಿನ್ನತೆಗೆ ಸಾಮಾನ್ಯವಾಗಿ ಎಸ್ಸಿಟಲೋಪ್ರಾಮ್ ಅಥವಾ ಸರ್ಟ್ರಲೀನ್‌ನಂಥ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ವಾರ, ಹಿರಿಯರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಎರಡನೇ ವಾರಕ್ಕೇ 'ಏನೂ ಪ್ರಯೋಜನವಿಲ್ಲ' ಎಂದು ಬಿಡುವವರೂ ಇದ್ದಾರೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ, ಈ ಔಷಧಗಳು ಅದರ ಜೊತೆ ಸೇರಿ ರಕ್ತದಲ್ಲಿನ ಸೋಡಿಯಂ ಇಳಿಯುವ ಅಪಾಯವಿರುವುದರಿಂದ, ಮೊದಲ ಕೆಲವು ವಾರಗಳಲ್ಲಿ ಮತ್ತೆ ರಕ್ತಪರೀಕ್ಷೆ ಮಾಡಿಸಿ. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಔಷಧ ಬೇಕಾಗುತ್ತದೆ. ಆಪ್ತಸಮಾಲೋಚನೆಯ ಜೊತೆಗೆ, ತೋಟಕ್ಕೆ ಹೋಗುವುದು, ಸಂಜೆ ಕಟ್ಟೆಯ ಮೇಲೆ ಗೆಳೆಯರೊಂದಿಗೆ ಕೂರುವುದು ಇಂಥ ಬಿಟ್ಟುಹೋದ ರೂಢಿಗಳನ್ನು ಒಂದೊಂದಾಗಿ ಮರಳಿ ತರುವುದೂ ಚಿಕಿತ್ಸೆಯೇ.

ಅವರು ರೇಗುವುದು ಸಹಜ. 'ನಿದ್ದೆಗೂ ಹೊಟ್ಟೆಗೂ ಔಷಧ ಕೇಳೋಣ' ಎಂದು ಮೊದಲು ನಿಮ್ಮ ಖಾಯಂ ವೈದ್ಯರಲ್ಲಿಗೇ ಕರೆದೊಯ್ಯಿರಿ. ಅದು ಸುಳ್ಳೂ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ನೀವೂ ಸಲಹೆ ಕೇಳಬಹುದು. ಆದರೆ 'ನಾನು ಇದ್ದೇನು ಮಾಡಬೇಕು' ಎಂಬಂಥ ಮಾತು ಅವರ ಬಾಯಿಂದ ಬಂದರೆ ಒಪ್ಪಿಗೆಗಾಗಿ ದಿನ ದೂಡಬೇಡಿ. ತೋಟದ ಕೀಟನಾಶಕವನ್ನೂ ಮಾತ್ರೆಗಳನ್ನೂ ಬೀಗ ಹಾಕಿಟ್ಟು, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.